ಮನೆಯಂಗಳದಲ್ಲಿ ಕಾರಿನ ಎಂಜಿನ್ ಬದಲಾವಣೆ: ತಪ್ಪು ಕಲ್ಪನೆ ಮತ್ತು ಸತ್ಯ

ಕಾರಿನ ಎಂಜಿನ್ ಬದಲಿಸುವುದೆಂದರೆ ಹಳೆಯದನ್ನು ಇಳಿಸಿ, ಇನ್ನೊಂದನ್ನು ಕೂರಿಸಿ, ಇಂಧನ, ಕೂಲಂಟ್, ವೈರಿಂಗ್ ಮತ್ತು ಗೇರ್‌ಬಾಕ್ಸಿನ ಸಂಪರ್ಕಗಳನ್ನು ಮರಳಿ ಜೋಡಿಸುವುದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಟ್ರ್ಯಾಕ್ಟರ್ ಬಳಸುವ ಕೃಷಿ ಸೀಮೆ. ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಾನಾ ಹಿಡಿದು ಬಲ್ಲ ಗೆಳೆಯರು ಜೊತೆಗಿದ್ದರೆ ಈ ಕೆಲಸ ಮನೆಯಲ್ಲಿ ಆಗದ್ದೇನಲ್ಲ. ಆದರೆ ಕೆಲವು ನಂಬಿಕೆಗಳು ಜೀವಕ್ಕೂ ದುಡ್ಡಿಗೂ ಕುತ್ತು ತರುತ್ತವೆ.

ತಪ್ಪು ಕಲ್ಪನೆ: ಟ್ರ್ಯಾಕ್ಟರ್ ಬಿಚ್ಚಿದವರಿಗೆ ಕಾರು ಸುಲಭ.
ಸತ್ಯ: ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಬೆನ್ನೆಲುಬಾಗಿರುತ್ತವೆ, ಅದನ್ನು ಎರಡು ಭಾಗ ಮಾಡಿ ಸರಿಸಿದರೆ ಸಾಕು. ಕಾರಿನ ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಇಕ್ಕಟ್ಟಾದ ಜಾಗದಲ್ಲಿ ಕೂತಿರುತ್ತದೆ. ಅದನ್ನು ಮೇಲೆತ್ತಬೇಕು, ಇಲ್ಲವೇ ಕೆಳಗಿಳಿಸಬೇಕು.

ತಪ್ಪು ಕಲ್ಪನೆ: ನಾಲ್ಕು ಜನ ಸೇರಿ ಮರದ ಕೊಂಬೆಗೆ ಹಗ್ಗ ಕಟ್ಟಿ ಎತ್ತಬಹುದು.
ಸತ್ಯ: ಸ್ವಿಫ್ಟ್ ಡೀಸೆಲ್‌ನಲ್ಲಿದ್ದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಒಂದೇ ಸುಮಾರು 130 ಕಿಲೋ ತೂಗುತ್ತದೆ. ಗೇರ್‌ಬಾಕ್ಸ್ ಸೇರಿದರೆ ಇನ್ನೂ ಹೆಚ್ಚು. ಮರದ ಕೊಂಬೆ ಎಷ್ಟು ಭಾರ ತಡೆಯುತ್ತದೆಂದು ನೋಡಿ ಹೇಳಲಾಗದು. ಭಾರಕ್ಕೆ ತಕ್ಕ ಚೈನ್ ಬ್ಲಾಕ್ ಮತ್ತು ಗಟ್ಟಿ ಸ್ಟ್ಯಾಂಡ್ ಬೇಕು, ಸಿಮೆಂಟ್ ನೆಲ ಬೇಕು. ತೂಗುವ ಎಂಜಿನ್ ಕೆಳಗೆ ಕೈಯನ್ನೂ ಚಾಚಬಾರದು. ಎಲ್ಲಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಬೇಕು.

ತಪ್ಪು ಕಲ್ಪನೆ: ಸಿಸಿ ಒಂದೇ ಆದರೆ ಎಂಜಿನ್ ಹೊಂದುತ್ತದೆ.
ಸತ್ಯ: ಮಾರುತಿ 800 ಮತ್ತು ಓಮ್ನಿ ಎರಡೂ 796 ಸಿಸಿ. ಆದರೆ 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಹೀಗಾಗಿ ಮೌಂಟಿಂಗ್, ಗೇರ್‌ಬಾಕ್ಸ್ ಜೋಡಣೆ ಬೇರೆಯಾಗುತ್ತವೆ. ಹೊಸ ಕಾರುಗಳಲ್ಲಿ ಸೆನ್ಸರ್, ಎಂಜಿನ್ ನಿಯಂತ್ರಿಸುವ ಇಸಿಯು, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಸಹ ಹೊಂದಬೇಕು.

ತಪ್ಪು ಕಲ್ಪನೆ: ಸ್ಟಾರ್ಟ್ ಆದರೆ ಕೆಲಸ ಮುಗಿಯಿತು.
ಸತ್ಯ: ಕೂಲಂಟ್‌ನಲ್ಲಿ ಸಿಕ್ಕ ಗಾಳಿ ಹೊರಹೋಗದಿದ್ದರೆ ಎಂಜಿನ್ ಬಿಸಿಯೇರಿ ಹೆಡ್ ಗ್ಯಾಸ್ಕೆಟ್ ಸುಡಬಹುದು. ಆಯಿಲ್ ಒತ್ತಡ, ಸೋರಿಕೆ, ಬಿಸಿಯನ್ನು ನೋಡಿಯೇ ರಸ್ತೆಗಿಳಿಸಬೇಕು. ಬಳಸಿದ ಆಯಿಲ್ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಗಟಾರಕ್ಕಾಗಲಿ ಹೊಲಕ್ಕಾಗಲಿ ಸುರಿಯುವಂತಿಲ್ಲ.

ತಪ್ಪು ಕಲ್ಪನೆ: ಕಾರು ನಮ್ಮದು, ಯಾರನ್ನು ಕೇಳಬೇಕು?
ಸತ್ಯ: ಎಂಜಿನ್ ಸಂಖ್ಯೆ ನೋಂದಣಿ ಪತ್ರವಾದ ಆರ್‌ಸಿಯಲ್ಲಿಯೂ ವಿಮೆಯಲ್ಲಿಯೂ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ನನ್ನು ಅನುಮತಿಯಿಲ್ಲದೆ ಬದಲಿಸುವ ವಿನಾಯಿತಿಯನ್ನು ರಾಜ್ಯ ಸರ್ಕಾರ ಕೊಡಬಹುದಾದದ್ದು ಕನಿಷ್ಠ 10 ಸಾರಿಗೆ ವಾಹನ ಉಳ್ಳವರಿಗೆ ಮಾತ್ರ. 2019ರ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಬೈಲಹೊಂಗಲದಲ್ಲಿ ಕೆಎ-24 ಸಂಕೇತದ ಸಾರಿಗೆ ಕಚೇರಿ ಇದೆ. ಕಾರು ಯಾವ ಕಚೇರಿಯ ವ್ಯಾಪ್ತಿಗೆ ಸೇರಿದೆಯೋ ಅಲ್ಲಿ ಮೊದಲು ವಿಚಾರಿಸಿ ಅನುಮತಿ ಪಡೆಯಬೇಕು. ಗುಜರಿಯಿಂದ ತಂದ ಎಂಜಿನ್ ಆದರೆ ಬಿಲ್ ಮತ್ತು ಅಳಿಸದ ಸಂಖ್ಯೆ ಎರಡೂ ಇರಬೇಕು. ಬಿಲ್, ಸಂಖ್ಯೆ, ಅನುಮತಿ ಮೂರೂ ಕೈಗೆ ಬಂದ ಮೇಲೆಯೇ ಮೊದಲ ಬೋಲ್ಟ್ ಸಡಿಲಿಸುವುದು ಕ್ಷೇಮ.