ಬಿಳಿಯ ಬೆಕ್ಕಿನ ಕಿವಿಯೂ ಬಿಸಿಲೂ

ಬೈಲಹೊಂಗಲದಿಂದ ಸವದತ್ತಿಗೂ ಅಲ್ಲಿಂದ ರಾಮದುರ್ಗಕ್ಕೂ ಪಯಣಿಸುವವರಿಗೆ ದಾರಿಯಲ್ಲಿ ಎರೆಯ ಹೊಲಗಳೂ ಮಣ್ಣಿನ ಮಾಳಿಗೆಯ ಮನೆಗಳೂ ಕಾಣಸಿಗುತ್ತವೆ. ಆ ಮಾಳಿಗೆಗಳ ಮೇಲೆ ಮೈಚಾಚಿ ಮಲಗಿದ ಬೆಕ್ಕು ಅಪರೂಪವೇನಲ್ಲ. ಜೋಳದ ಚೀಲಗಳನ್ನು ಇಲಿಗಳಿಂದ ಕಾಯುವ ಈ ಪ್ರಾಣಿಗೆ ಬಿಸಿಲು ಕಾಯಿಸುವುದೆಂದರೆ ಪರಮಸುಖ. ಈ ಸುಖವೇ ಕೆಲವು ಬೆಕ್ಕುಗಳಿಗೆ ಮುಳುವಾಗಬಲ್ಲದೆಂದರೆ ಓದುಗರು ಆಶ್ಚರ್ಯಪಡಬಹುದು.

ಬೈಲಹೊಂಗಲದ ನಮ್ಮ ಮನೆಯಲ್ಲಿ ಬೆಳ್ಳಿಯೆಂಬ ಅಚ್ಚ ಬಿಳಿಯ ಬೆಕ್ಕೊಂದಿತ್ತು. ಅದಕ್ಕೆ ಹನ್ನೆರಡು ವರ್ಷ ತುಂಬಿದಾಗ ಎಡಗಿವಿಯ ತುದಿಯಲ್ಲಿ ಸಣ್ಣದೊಂದು ಹಕ್ಕಳೆ ಕಾಣಿಸಿತು. ಕಾದಾಟದ ಗಾಯವೆಂದು ನಾನು ಭಾವಿಸಿದೆನು. ಅವ್ವ ಅರಿಸಿನ ಹಚ್ಚಿದಳು. ಹಕ್ಕಳೆ ಉದುರಿತು, ಮತ್ತೆ ಕಟ್ಟಿತು. ಹೀಗೆಯೇ ನಾಲ್ಕು ತಿಂಗಳು ಕಳೆದುವು. ಕೊನೆಗೆ ಪಶುವೈದ್ಯರ ಬಳಿಗೆ ಒಯ್ದಾಗ ಅವರು, “ಮೂರು ವಾರ ಆದ್ರೂ ಮಾಯದ ಹುಣ್ಣು ಬರೇ ಗಾಯ ಅಲ್ರಿ ಸರ” ಎಂದರು. ಹುಣ್ಣಿನ ಚೂರೊಂದನ್ನು ಪ್ರಯೋಗಶಾಲೆಗೆ ಕಳುಹಿಸಲಾಯಿತು. ಅದು ಚರ್ಮದ ಕ್ಯಾನ್ಸರ್, ಎಂದರೆ ಏಡಿಗಂತಿ ಎಂದು ತಿಳಿದುಬಂದಿತು.

ಈ ರೋಗದ ಮೂಲವು ನಾನು ವರ್ಷವರ್ಷವೂ ಬೋಧಿಸುವ ಪಾಠದಲ್ಲಿಯೇ ಇದ್ದಿತು. ಬೆಳಕು ಶಕ್ತಿಯ ಸಣ್ಣ ಸಣ್ಣ ಕಂತೆಗಳಾಗಿ ಬಂದು ತಾಗುತ್ತದೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದರು. ಅಲೆಯ ಉದ್ದ ಕಡಿಮೆಯಾದಷ್ಟೂ ಕಂತೆಯ ಶಕ್ತಿ ಹೆಚ್ಚು. ಹಸಿರು ಬೆಳಕಿನ ಅಲೆಯುದ್ದ ಸುಮಾರು 550 ನ್ಯಾನೊಮೀಟರ್. ಅದರ ಒಂದು ಕಂತೆಯ ಶಕ್ತಿ 2.25 ಎಲೆಕ್ಟ್ರಾನ್ ವೋಲ್ಟ್. 300 ನ್ಯಾನೊಮೀಟರಿನ ನೇರಳಾತೀತ ಕಿರಣದಲ್ಲಿಯಾದರೋ ಅದು 4.1ಕ್ಕೆ ಏರುತ್ತದೆ. ಕಣ್ಣಿಗೆ ಕಾಣದ ಈ ಕಿರಣವು ಜೀವಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡಬಲ್ಲದು. ಕೋಶವು ಇಂಥ ತಪ್ಪುಗಳನ್ನು ಬಹುಮಟ್ಟಿಗೆ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವು ವರ್ಷಗಳುದ್ದಕ್ಕೂ ಕೂಡಿಕೊಂಡರೆ, ಕೋಶವು ಬೆಳವಣಿಗೆಯ ಹದ್ದನ್ನು ಮೀರುತ್ತದೆ. ಮುದಿ ಪ್ರಾಣಿಗಳಲ್ಲಿ ಈ ರೋಗ ಹೆಚ್ಚಾಗಿ ಕಾಣಲು ಇದೊಂದು ಕಾರಣ.

ಕಪ್ಪು ಬೆಕ್ಕಿನ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಕೊಡೆಯಂತೆ ಈ ಕಿರಣಗಳನ್ನು ತಡೆಯುತ್ತದೆ. ಬಿಳಿಯ ಬೆಕ್ಕಿಗೆ ಆ ಕೊಡೆಯಿಲ್ಲ; ಕಿವಿಯ ತುದಿಯಲ್ಲಿಯೂ ಮೂಗಿನ ಮೇಲೆಯೂ ದಟ್ಟ ಕೂದಲೂ ಇಲ್ಲ. ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದು 1971ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಬಿಳಿಯ ಬೆಕ್ಕುಗಳಿಗೆ ಈ ಚರ್ಮರೋಗದ ಅಪಾಯ ಇತರ ಬೆಕ್ಕುಗಳಿಗಿಂತ ಸುಮಾರು ಹದಿಮೂರು ಪಟ್ಟು ಹೆಚ್ಚೆಂದು ತೋರಿಸಿತು. ನಮ್ಮ ಸೀಮೆಯ ಬಿಸಿಲಾದರೂ ಸಾಮಾನ್ಯದ್ದಲ್ಲ. ಕಿತ್ತೂರಿನಿಂದ ರಾಮದುರ್ಗದವರೆಗಿನ ಈ ಭಾಗವೆಲ್ಲ 15 ಮತ್ತು 16 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವಿದೆ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ಸೂರ್ಯನು ಇಲ್ಲಿ ನಡುನೆತ್ತಿಗೇ ಬರುತ್ತಾನೆ. ಆಗ ಕಿರಣಗಳು ಓಜೋನ್ ಪದರವನ್ನು ಅತಿ ಕಡಿಮೆ ದೂರದಲ್ಲಿ ದಾಟುವುದರಿಂದ ನೇರಳಾತೀತದ ಪಾಲು ಹೆಚ್ಚುತ್ತದೆ.

ಬೇಗನೆ ಗುರುತಿಸಿದರೆ ಈ ರೋಗಕ್ಕೆ ಮದ್ದುಂಟು. ರೋಗ ತಗಲಿದ ಹೊರಗಿವಿಯನ್ನು ಕತ್ತರಿಸಿ ತೆಗೆಯಬಹುದು. ಕೇಳುವ ಅಂಗವು ಒಳಗಿರುವುದರಿಂದ ಬೆಕ್ಕು ಕಿವುಡಾಗುವುದಿಲ್ಲ. ಮೂಗಿನ ಮೇಲಿನ ತೆಳುವಾದ ಹುಣ್ಣಿಗೆ ಕೆಲವು ದೇಶಗಳಲ್ಲಿ ಸ್ಟ್ರಾನ್ಷಿಯಮ್-90 ಧಾತುವಿನ ಬೀಟಾ ಕಿರಣಗಳನ್ನು ಬಳಸುತ್ತಾರೆ. ಆದರೆ ಆ ಕಿರಣಗಳು ಮಾಂಸದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತವೆ. ಹುಣ್ಣು ಆಳಕ್ಕಿಳಿದ ಬಳಿಕ ಅವುಗಳಿಂದ ಪ್ರಯೋಜನವಿಲ್ಲ.

ಬೆಳ್ಳಿಯ ಕಿವಿಯ ತುದಿಯನ್ನು ತೆಗೆದರು, ಗಾಯವೂ ಮಾಯಿತು. ಮರುವರ್ಷ ಹುಣ್ಣು ಮೂಗಿನಲ್ಲಿ ತೋರಿ ಬೇಗನೆ ಆಳಕ್ಕಿಳಿಯಿತು. ವಾಸಿಮಾಡುವ ಮಾತು ಮುಗಿದು, ಆರೈಕೆಯ ಕೆಲಸ ಉಳಿಯಿತು.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ಅರಚುವುದಿಲ್ಲ, ಮೂಲೆ ಸೇರುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ಆದುದರಿಂದ ಮಮತೆಯೊಂದೇ ಸಾಲದು, ಅಳತೆಯೂ ಬೇಕು. ಪ್ರತಿ ಭಾನುವಾರ ಅದನ್ನು ತೂಗಿ ಬರೆದಿಟ್ಟೆನು. ನಾಲ್ಕು ಕಿಲೋಗ್ರಾಮಿನ ಬೆಕ್ಕು 400 ಗ್ರಾಮ್ ಇಳಿದರೆ ದೇಹದ ಹತ್ತನೆಯ ಒಂದು ಪಾಲು ಹೋದಂತೆ. ಮೂಗು ಕೆಟ್ಟ ಬೆಕ್ಕಿಗೆ ಆಹಾರದ ವಾಸನೆ ಹತ್ತದು. ವಾಸನೆಯಿಲ್ಲದೆ ಅದು ತಿನ್ನದು. ಆಹಾರವನ್ನು ಅದರ ಮೈಬಿಸಿಯಷ್ಟು, ಎಂದರೆ ಸುಮಾರು 38 ಡಿಗ್ರಿಗೆ ಬೆಚ್ಚಗೆ ಮಾಡಿಕೊಟ್ಟರೆ ವಾಸನೆ ಹೆಚ್ಚಾಗಿ ಹರಡುತ್ತದೆ. ಸಣ್ಣ ದೇಹವು ಶಾಖವನ್ನು ಬೇಗ ಕಳೆದುಕೊಳ್ಳುವುದರಿಂದ ಬಟ್ಟೆ ಸುತ್ತಿದ ಬಿಸಿನೀರಿನ ಚೀಲವೊಂದನ್ನು ಹಾಸಿಗೆಯಲ್ಲಿರಿಸಿದೆವು.

ಒಂದು ಸಂಜೆ ನೆರೆಮನೆಯ ಹಿರಿಯರು ಪ್ಯಾರಾಸಿಟಮಾಲ್ ತಂದು, “ಅರ್ಧ ಗುಳಿಗಿ ಅರೆದು ಹಾಕ್ರಿ ಸರ, ನೋವು ಇಳೀತದ” ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಈ ಔಷಧವನ್ನು ನಿರಪಾಯಗೊಳಿಸುವ ಕಿಣ್ವವು ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಅದರಿಂದ ಹುಟ್ಟುವ ವಿಷವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಒಂದೇ ಗುಳಿಗೆಯೂ ಕೊಲ್ಲಬಹುದು. ಮನುಷ್ಯರ ನೋವಿನ ಮದ್ದನ್ನು ಬೆಕ್ಕಿಗೆ ಎಂದೂ ಕೊಡಬಾರದು. ಪಶುವೈದ್ಯರು ತೂಕ ನೋಡಿ ಅಳೆದುಕೊಟ್ಟ ಹನಿಗಳನ್ನು ಮಾತ್ರ ಕೊಟ್ಟೆವು.

ಹನ್ನೊಂದು ವಾರಗಳ ತೂಕ ನನ್ನ ಪುಸ್ತಕದಲ್ಲಿದೆ. ಹನ್ನೆರಡನೆಯ ವಾರ ಬೆಳ್ಳಿ ಬೆಚ್ಚಗಿನ ಮೀನನ್ನೂ ಮೂಸಲಿಲ್ಲ. ವೈದ್ಯರು ಅದರ ಸಂಕಟವನ್ನು ಕೊನೆಗಾಣಿಸಲು ನಮ್ಮ ಒಪ್ಪಿಗೆ ಕೇಳಿದರು. ಅವ್ವ ತಲೆಯಾಡಿಸಿದಳು. ಹಿತ್ತಲಿನ ಬೇವಿನ ಬುಡದಲ್ಲಿ ಹೂಳಿದೆವು.

ನಿಮ್ಮ ಮನೆಯಲ್ಲಿ ಬಿಳಿಯ ಬೆಕ್ಕಿದ್ದರೆ ಅದರ ಕಿವಿಗಳನ್ನೂ ಮೂಗನ್ನೂ ಇಂದೇ ನೋಡಿರಿ. ಹತ್ತು ಗಂಟೆಯಿಂದ ನಾಲ್ಕರವರೆಗೆ ಅದನ್ನು ನೆರಳಿನಲ್ಲಿರಿಸಿರಿ. ಕಿಟಕಿಯ ಗಾಜು ಕೇಡಿನ ಆ ಕಿರಣಗಳ ಬಹುಪಾಲನ್ನು ತಡೆಯುವುದರಿಂದ ಅದರ ಹಿಂದೆ ಮಲಗಿ ಮೈ ಕಾಯಿಸಿಕೊಳ್ಳಲಿ. ಮೂರು ವಾರಕ್ಕೂ ಮಾಯದ ಹುಣ್ಣು ಕಂಡರೆ ನಾಲ್ಕು ತಿಂಗಳು ಕಾಯಬೇಡಿರಿ. ಕಾದವನ ಅನುಭವವನ್ನು ನೀವು ಈಗ ಓದಿದಿರಿ.