ಗಡುವು ತಪ್ಪಿದ ಪಾಳಿ ಯಾರಿಗೆ?

ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ ಆಗಬೇಕು. ಎರಡನೆಯದು ಅಲ್ಲಿಂದ 40–45 ದಿನಗಳಿಗೆ. ಬೆಳೆಗಾರ ಬಾಂಧವರಿಗೆ ಇದು ಹೊಸ ಮಾತಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಕೊಳೆರೋಗದ ಬಗ್ಗೆ ವಿವರವಾದ ವರದಿ ಬರೆದಿದ್ದರು. ಇಂದು ತೊಡಕಿರುವುದು ಮದ್ದಿನಲ್ಲಲ್ಲ, ಮದ್ದು ಹೊಡೆಯುವ ಕೈಗಳಲ್ಲಿ. ಕೊನೆಗಾರರು ವಿರಳ; ದೋಟಿಯಿಂದ ಹೊಡೆಯುವ ತಂಡಗಳೂ ಎಣಿಕೆಯಷ್ಟೇ. ಎಲ್ಲ ತೋಟಗಳಿಗೂ ಅವರು ಬೇಕಾಗುವುದು ಅದೇ ಎರಡು ಮೂರು ವಾರಗಳಲ್ಲಿ.

ಆದ್ದರಿಂದಲೇ ತಂಡಗಳ ಪಾಳಿಯನ್ನು ಗಣಕಯಂತ್ರಕ್ಕೆ ವಹಿಸಿ, ಸದಸ್ಯರೂ ತಂಡದವರೂ ಮೊಬೈಲಿನಲ್ಲೇ ನೋಡಿಕೊಳ್ಳುವಂತೆ ಮಾಡುವ ಆಲೋಚನೆ ಸಂಘಗಳಿಗೆ ಬರುವುದು ಸಹಜ. ಹಂಚುವ ಕೆಲಸ ಸುಲಭ. ಹಂಚಿದ ಕೆಲಸ ಹೊತ್ತಿಗೆ ಆಗದಿದ್ದಾಗ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಮಾತ್ರ ಪುಸ್ತಕದ ಪಾಳಿಯೇ ಮೇಲು ಎನ್ನಿಸುತ್ತದೆ.

ಗಡುವು ಒಂದಲ್ಲ, ಎರಡು ಬೇಕು. ಕೆಲಸ ಒಪ್ಪಿಕೊಳ್ಳಲು ಒಂದು, ಮುಗಿಸಲು ಇನ್ನೊಂದು. ನಾಲ್ಕು ತಾಸಿನೊಳಗೆ ತಂಡ ಒಪ್ಪದಿದ್ದರೆ ತೋಟ ತಾನಾಗಿ ಮುಂದಿನ ತಂಡಕ್ಕೆ ಹೋಗಲಿ. ಉತ್ತರವಿಲ್ಲದ ಒಂದು ಮೊಬೈಲಿಗಾಗಿ ತೋಟ ಕಾಯಬಾರದು. ಗಡುವನ್ನು ಎಣಿಸುವ ಗಡಿಯಾರ ಕೇಂದ್ರದ ಯಂತ್ರದ್ದಿರಬೇಕು, ಅವರವರ ಮೊಬೈಲಿನದಲ್ಲ. ಇಬ್ಬರು ಒಟ್ಟಿಗೆ ಒಪ್ಪಿಗೆ ಒತ್ತಿದರೆ, ತೋಟ ಇನ್ನೂ ಖಾಲಿಯಿದೆಯೇ ಎಂದು ನೋಡುವುದೂ ಹೆಸರು ಬರೆಯುವುದೂ ಒಂದೇ ಏಟಿಗೆ ಆಗಬೇಕು. ನಡುವೆ ಸಂದು ಬಿಟ್ಟರೆ ಒಂದು ತೋಟಕ್ಕೆ ಎರಡು ತಂಡ, ಪಕ್ಕದ ತೋಟಕ್ಕೆ ಯಾರೂ ಇಲ್ಲ.

ಇನ್ನು ನಮ್ಮ ಕಡೆಯ ನಿಜವಾದ ತಾಪತ್ರಯ: ಮಳೆ ಹಿಡಿದರೆ ಸಿಗ್ನಲ್ ಇಲ್ಲ. ತಂಡ ಕಣಿವೆಯ ತೋಟದಲ್ಲಿ ಕೆಲಸ ಮುಗಿಸಿರುತ್ತದೆ, ಸುದ್ದಿ ಕೇಂದ್ರ ಮುಟ್ಟಿರುವುದಿಲ್ಲ. ಗಡುವು ಮೀರಿತೆಂದು ಯಂತ್ರ ಬೇರೆ ತಂಡವನ್ನು ಕಳಿಸಿದರೆ ಕೂಲಿ ಎರಡು ಪಾಲು. ಬೋರ್ಡೋ ದ್ರಾವಣವನ್ನು ಕಲಸಿದ ದಿನವೇ ಬಳಸಬೇಕಾದ್ದರಿಂದ, ಎರಡನೆಯವರು ಕಲಸಿಟ್ಟದ್ದೂ ದಂಡ. ಹೀಗಾಗಿ ‘ಶುರುವಾಗಿದೆ’ ಎಂದು ಗುರುತು ಬಿದ್ದ ಕೆಲಸವನ್ನು ಯಂತ್ರ ತಾನಾಗಿ ಕಿತ್ತುಕೊಳ್ಳಕೂಡದು. ಕಚೇರಿಯವರು ತೋಟದ ಯಜಮಾನರನ್ನು ವಿಚಾರಿಸಿ ತೀರ್ಮಾನಿಸಲಿ. ಪ್ರತಿ ಹಂಚಿಕೆಗೂ ಹೊಸ ಕ್ರಮಸಂಖ್ಯೆ ಕೊಟ್ಟರೆ, ತಡವಾಗಿ ಬಂದ ಹಳೆಯ ಸುದ್ದಿ ಹೊಸ ತಂಡದ ಲೆಕ್ಕವನ್ನು ಕೆಡಿಸುವುದಿಲ್ಲ. ಹಳೆಯ ತಂಡ ಹೊಡೆದ ಮರಗಳ ಎಣಿಕೆ ಅವರ ಹೆಸರಿನಲ್ಲೇ ಉಳಿದು, ಬಾಕಿ ಮರಗಳಷ್ಟೇ ಮುಂದಿನವರ ಪಾಲಿಗೆ ಹೋಗಬೇಕು. ಆರುನೂರು ಮರದಲ್ಲಿ ನಾಲ್ಕುನೂರು ಹೊಡೆದವರಿಗೆ ಏನೂ ಇಲ್ಲವೆನ್ನುವುದು ನ್ಯಾಯವಲ್ಲವಷ್ಟೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವೊಂದಿದೆ. ಗಡುವು ತಪ್ಪಿಸಿದ್ದು ತಂಡವಾದರೆ, ಪಾಳಿ ಕಳೆದುಕೊಳ್ಳಬೇಕಾದವರೂ ತಂಡದವರೇ. ಬಿಟ್ಟುಹೋದ ತೋಟವನ್ನು ಹೊಸ ಅರ್ಜಿಯಂತೆ ಪಟ್ಟಿಯ ಕೊನೆಗೆ ತಳ್ಳುವ ಪದ್ಧತಿಯಿಂದ ಪೆಟ್ಟು ಬೀಳುವುದು ಅರ್ಧ ಎಕರೆಯ ಸದಸ್ಯನಿಗೆ. ದೊಡ್ಡ ತೋಟ ಸಿಕ್ಕರೆ ಚಿಕ್ಕದನ್ನು ಕೈಬಿಡುವ ಚಪಲ ಯಾರಿಗಿಲ್ಲ? ಅವನ ಅರ್ಜಿಯ ಮೊದಲ ತಾರೀಖನ್ನು ಹಾಗೇ ಉಳಿಸಿ, ಮುಂದೆ ಖಾಲಿಯಾಗುವ ತಂಡವನ್ನು ಅವನಿಗೇ ಕೊಡಬೇಕು. ಮಳೆಯಿಂದ ನಿಂತ ದಿನಗಳನ್ನು ಮಾತ್ರ ತಂಡದ ಗಡುವಿಗೆ ಸೇರಿಸಿಕೊಡಬಹುದು. ಆದರೆ ಅದು ಕಚೇರಿಯಿಂದ, ಎಲ್ಲರಿಗೂ ಕಾಣುವಂತೆ ಆಗಬೇಕು. ತಂಡದವರೇ ಗಡುವನ್ನು ಮುಂದೂಡುವ ಗುಂಡಿ ಇಟ್ಟರೆ ಆ ಗಡುವಿಗೆ ಬೆಲೆಯಿಲ್ಲ.

ಕಾಫಿ ಬೆಳೆಗಾರರು ಹೂಮಳೆ ಕೈಕೊಟ್ಟ ವರ್ಷ ಪಂಪು, ಪೈಪು, ತುಂತುರು ಸೆಟ್ಟುಗಳನ್ನು ಸರದಿಯಲ್ಲಿ ಪಡೆಯುವುದಾದರೂ ಇದೇ ಕ್ರಮ ಸಲ್ಲುತ್ತದೆ. ಅಲ್ಲಿ ಒಂದು ಹೆಚ್ಚಿನ ಷರತ್ತು: ಪಂಪು ಮುಂದಿನ ತೋಟ ಮುಟ್ಟಿ, ಪಡೆದವರು ‘ಬಂದಿದೆ’ ಎಂದು ಒತ್ತುವವರೆಗೆ ಹಿಂದಿನವರ ಹೊಣೆ ತೀರುವುದಿಲ್ಲ.