ಒಂಬತ್ತು ನಿಮಿಷದ ಜಪಾನ್

2016ರ ಫೆಬ್ರುವರಿ 2ರಂದು ಯೂಟ್ಯೂಬಿಗೆ ಒಂದು ವೀಡಿಯೊ ಬಂತು. ಹೆಸರು ‘ಹಿಸ್ಟರಿ ಆಫ್ ಜಪಾನ್’. ಇಂಗ್ಲಿಷಿನಲ್ಲಿ ಅದನ್ನು ಪೂರಾ ಚಿಕ್ಕ ಅಕ್ಷರಗಳಲ್ಲೇ ಬರೆದಿತ್ತು, ದೇಶದ ಹೆಸರಿಗೂ ದೊಡ್ಡಕ್ಷರದ ಮರ್ಯಾದೆ ಸಿಕ್ಕಿರಲಿಲ್ಲ. (ಈ ಕುಚೇಷ್ಟೆ ಕನ್ನಡದಲ್ಲಿ ಸಾಧ್ಯವಿಲ್ಲ, ನಮ್ಮಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಎತ್ತರ.) ಮಾಡಿದಾತ ಬಿಲ್ ವರ್ಟ್ಸ್ ಎಂಬ ಅಮೆರಿಕದ ಸಂಗೀತಗಾರ. ಹಿಮಯುಗದಲ್ಲಿ ಜನ ನಡೆದುಕೊಂಡೇ ಜಪಾನಿಗೆ ಬಂದಲ್ಲಿಂದ ಹಿಡಿದು ಇವತ್ತಿನವರೆಗಿನ ಕತೆಯನ್ನು ಸುಮಾರು ಒಂಬತ್ತು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದ. ಕೋಟಿಗಟ್ಟಲೆ ಸಲ ಜನ ನೋಡಿದರು.

ಈ ಧಾಟಿ ಆತನಿಗೆ ಎಲ್ಲಿ ಸಿಕ್ಕಿತು ಎಂದು ಹುಡುಕಿದರೆ, ಜಾಡು ವೈನ್ ಎಂಬ ಆ್ಯಪಿಗೆ ಹೋಗಿ ನಿಲ್ಲುತ್ತದೆ. ಟ್ವಿಟರ್ ಇದನ್ನು 2013ರ ಜನವರಿಯಲ್ಲಿ ಹೊರತಂದಿತು. ಅಲ್ಲಿ ವೀಡಿಯೊ ಆರು ಸೆಕೆಂಡು ಮೀರುವಂತಿರಲಿಲ್ಲ. ಆರು ಸೆಕೆಂಡೆಂದರೆ ಒಂದು ಸೀನು ಬಂದು ಮೂಗು ಒರೆಸಿಕೊಳ್ಳುವಷ್ಟು ಹೊತ್ತು. ಅದೂ ಮುಗಿದ ಕೂಡಲೇ ತಾನಾಗಿ ಮತ್ತೆ ಮೊದಲಿಂದ ಶುರುವಾಗುತ್ತಿತ್ತು, ಹತ್ತನೇ ಸಲ ಕೇಳಿದರೂ ತಲೆ ಚಿಟ್ಟು ಹಿಡಿಯಬಾರದು. ವರ್ಟ್ಸ್ ತನ್ನ ಪುಟಾಣಿ ಹಾಡುಗಳಿಂದ ಹೆಸರು ಮಾಡಿದ್ದು ಇಲ್ಲೇ. ಆ ಇಕ್ಕಟ್ಟಿನಲ್ಲಿ ಪೀಠಿಕೆಗೆ ಜಾಗವಿಲ್ಲ. ‘ಆದ್ದರಿಂದ’, ‘ಹೀಗಿರಲಾಗಿ’ ಮುಂತಾದ ಕೊಂಡಿಗಳಿಗೂ ಇಲ್ಲ. ವಿಷಯ, ರಾಗ, ನಗು ಒಟ್ಟಿಗೇ ಬಾಗಿಲು ತೂರಿ ಬರಬೇಕು.

ಇಂಥ ಆರು ಸೆಕೆಂಡುಗಳನ್ನು ಒಂದರ ಬೆನ್ನಿಗೊಂದು ಪೋಣಿಸುತ್ತ ಹೋದರೆ ಒಂದು ದೇಶದ ಚರಿತ್ರೆಯನ್ನೇ ಹೇಳಬಹುದು. ನನ್ನ ಲೆಕ್ಕದಲ್ಲಿ ಆವಿಷ್ಕಾರ ಇಷ್ಟೇ. ಚರಿತ್ರೆಯನ್ನು ತಮಾಷೆ ಮಾಡುವುದು ಹಳೆಯ ಕಸುಬು. 1930ರಲ್ಲೇ ಸೆಲ್ಲರ್ ಮತ್ತು ಯೇಟ್‌ಮನ್ ಎಂಬಿಬ್ಬರು ‘1066 ಅಂಡ್ ಆಲ್ ದಟ್’ ಬರೆದು ಇಂಗ್ಲೆಂಡಿನ ಶಾಲಾ ಚರಿತ್ರೆಯನ್ನು ಗೇಲಿ ಮಾಡಿದ್ದರು. ಚಿತ್ರ ತೋರಿಸುತ್ತ ಕತೆ ಹೇಳುವುದಂತೂ ಜಪಾನಿನ ಬೀದಿಯಲ್ಲೇ ಇತ್ತು. 1930ರ ದಶಕದ ಕಾಮಿಶಿಬಾಯಿಯವನು ಸೈಕಲ್ಲಿನ ಹಿಂದೆ ಮರದ ಚೌಕಟ್ಟು ಕಟ್ಟಿಕೊಂಡು ಬರುತ್ತಿದ್ದ. ಎರಡು ಮರದ ತುಂಡು ಟಕಟಕ ಬಡಿದು ಮಕ್ಕಳನ್ನು ಸೇರಿಸಿ, ಮೊದಲು ಮಿಠಾಯಿ ಮಾರಿ, ಆಮೇಲೆ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಎಳೆಯುತ್ತ ಕತೆ ಶುರು ಮಾಡುತ್ತಿದ್ದ. ವರ್ಟ್ಸ್‌ನದೆಂದು ಹೇಳಬಹುದಾದದ್ದು ವೇಗ, ಮತ್ತು ರಾಗ ಎಲ್ಲಿ ಬರಬೇಕೆಂಬ ಅರಿವು.

ಮಾತು ಸಪ್ಪೆ ದನಿಯಲ್ಲಿ ಓಡುತ್ತಿರುತ್ತದೆ, ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ. ಮುಖ್ಯವಾದ ಹೆಸರೊಂದು ಬಂದದ್ದೇ ತಡ, ನಾಲ್ಕಾರು ದನಿ ಕೂಡಿ ಜಾಹೀರಾತಿನ ಹಾಡಿನಂತೆ ಒಂದೇ ಒಂದು ಸಾಲು ಚಿಮ್ಮುತ್ತದೆ. ಪರದೆ ತುಂಬ ಬಣ್ಣದ ಅಕ್ಷರ. ಆ ದನಿಗಳೆಲ್ಲ ಆತನವೇ. ಮರುಕ್ಷಣ ಮತ್ತೆ ಸಪ್ಪೆ ಮಾತು. ನಮ್ಮ ಹರಿಕತೆ ದಾಸರು ಕತೆಯ ನಡುವೆ ಚಿಟಿಕೆ ಬಾರಿಸಿ ಪದಕ್ಕೆ ಜಾರುವುದನ್ನು ಕಂಡವರಿಗೆ ಈ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ.

ಕಲ್ಪಿಸಿ ನಗಿಸಬೇಕಾದ ಕಷ್ಟ ಆತನಿಗೆ ಹೆಚ್ಚೇನೂ ಇರಲಿಲ್ಲ, ಸರಕು ಚರಿತ್ರೆಯಲ್ಲೇ ಬಿದ್ದಿತ್ತು. 607ರಲ್ಲಿ ಜಪಾನಿನಿಂದ ಚೀನದ ಸುಯಿ ಚಕ್ರವರ್ತಿ ಯಾಂಗ್‌ಗೆ ಒಂದು ಓಲೆ ಹೋಯಿತು. ಕಳಿಸಿದವರು ತಮ್ಮದನ್ನು ಸೂರ್ಯ ಹುಟ್ಟುವ ನಾಡೆಂದೂ ಅವನದನ್ನು ಸೂರ್ಯ ಮುಳುಗುವ ನಾಡೆಂದೂ ಕರೆದಿದ್ದರು. ಚಕ್ರವರ್ತಿ ಕಿಡಿಕಿಡಿಯಾದ. ಚೀನದವರು ಈ ದ್ವೀಪದ ಜನರನ್ನು ಕರೆಯುತ್ತಿದ್ದದ್ದು ‘ವಾ’ ಎಂದು, ಆ ಅಕ್ಷರಕ್ಕೆ ಕುಳ್ಳ ಎಂಬ ಅರ್ಥದ ಸೋಂಕೂ ಇದೆಯೆನ್ನುತ್ತಾರೆ. ಈ ಮುನಿಸನ್ನು ವರ್ಟ್ಸ್ ಅಡ್ಡಹೆಸರು ಬದಲಿಸಿಕೊಳ್ಳಲು ಹೊರಟ ಹುಡುಗರ ಜಗಳ ಮಾಡಿದ್ದಾನೆ. ಕೇಳಿ ನಕ್ಕಮೇಲೆ, ಅದು ಅಷ್ಟೇ ತಾನೆ ಎನ್ನಿಸುತ್ತದೆ.

1853 ಇನ್ನೂ ಚೆಂದ. ಇನ್ನೂರಕ್ಕೂ ಹೆಚ್ಚು ವರ್ಷ ಬಾಗಿಲು ಹಾಕಿಕೊಂಡಿದ್ದ ದೇಶವದು. ಐರೋಪ್ಯರ ಪೈಕಿ ಡಚ್ಚರಿಗಷ್ಟೇ ಪ್ರವೇಶ, ಅದೂ ನಾಗಾಸಾಕಿಯ ಕಡಲಲ್ಲಿ ಕಟ್ಟಿದ ದೆಜಿಮಾ ಎಂಬ ಪುಟ್ಟ ದ್ವೀಪಕ್ಕೆ. ಆ ಜುಲೈನಲ್ಲಿ ಅಮೆರಿಕದ ಕಮೊಡೋರ್ ಪೆರ‍್ರಿ ನಾಲ್ಕು ಹಡಗು ತಂದು ಎದೊ ಕೊಲ್ಲಿಯ ಬಾಯಲ್ಲಿ ನಿಂತ. ವೀಡಿಯೊದಲ್ಲಿ ಅಮೆರಿಕ ಬಾಗಿಲು ತಟ್ಟುತ್ತದೆ, ಬೆನ್ನಿಗೆ ಫಿರಂಗಿ. ಜನರ ಬಾಯಲ್ಲಿ ನಿಂತ ಮಾತೊಂದು ಈ ಕಡೆಯದು. ಆದರೆ ಇಲ್ಲಿ ಮೊದಲು ನಕ್ಕವರು ಜಪಾನೀಯರೇ. ಹಬೆಹಡಗು ಎಂಬ ಮಾತು ಅವರ ಭಾಷೆಯಲ್ಲಿ ಒಂದು ಉತ್ತಮ ಚಹಾದ ಹೆಸರಿನಂತೆಯೇ ಕೇಳಿಸುತ್ತದೆ. ಲೋಟವನ್ನೂ ಹಡಗನ್ನೂ ಎಣಿಸುವ ಪದವೂ ಒಂದೇ. ಊರಿಗೆ ಊರೇ ಹೆದರಿದ್ದಾಗ ಯಾರೋ ಇದರ ಮೇಲೆ ಶ್ಲೇಷೆ ಕಟ್ಟಿ ಹಬ್ಬಿಸಿದ್ದರು.

ವೇಗ ಕೈಕೊಡುವ ಜಾಗವೂ ಇದೆ. ಮಂಚೂರಿಯ, ಚೀನ ಎಂದು ಸೇನೆ ನುಗ್ಗುತ್ತ ಹೋಗುತ್ತದೆ, 1937ರ ನಾನ್‌ಜಿಂಗ್ ಹತ್ಯಾಕಾಂಡದ ಸುದ್ದಿಯೇ ಇಲ್ಲ. ಸಪ್ಪೆ ದನಿ ಶೋಗನ್ ಎಂಬ ಸೇನಾಧಿಪತಿಗಳಿಗೆ ಒಪ್ಪುತ್ತದೆ, ಹೆಣಗಳಿಗೆ ಒಪ್ಪುವುದಿಲ್ಲ. ಅಣುಬಾಂಬುಗಳ ಹೊತ್ತಿಗೆ ನನ್ನ ನಗು ನಿಂತಿತ್ತು, ವೀಡಿಯೊ ನಿಂತಿರಲಿಲ್ಲ.

ಈ ವೀಡಿಯೊ ಬಂದ ವರ್ಷವೇ ಅಕ್ಟೋಬರಿನಲ್ಲಿ ವೈನ್ ಮುಚ್ಚುತ್ತೇವೆಂದು ಟ್ವಿಟರ್ ಸಾರಿತು. ಆತ ಪಳಗಿದ ಗರಡಿಗೆ ಬೀಗ ಬಿತ್ತು. 2017ರ ಮೇ 10ರಂದು ವರ್ಟ್ಸ್ ಇಡೀ ಜಗತ್ತಿನ ಚರಿತ್ರೆಯನ್ನೇ ಎತ್ತಿಕೊಂಡು ಬಂದ, ಮಹಾಸ್ಫೋಟದಿಂದ ಶುರು. ಜಪಾನಿಗೊಂದಕ್ಕೇ ಒಂಬತ್ತು ನಿಮಿಷ ಕೊಟ್ಟವನು ಜಗತ್ತಿಗೆ ಇಪ್ಪತ್ತನ್ನೂ ಪೂರ್ತಿ ಕೊಟ್ಟಿಲ್ಲ. ಹೆಸರಿನ ಕೊನೆಗೆ ಮಾತ್ರ ಒಂದು ಅಲ್ಪವಿರಾಮ ಹಾಕಿ ‘ಅನ್ಸುತ್ತೆ’ ಎಂಬರ್ಥದ ಮಾತು ಸೇರಿಸಿದ್ದಾನೆ, ಅದೂ ಚಿಕ್ಕ ಅಕ್ಷರದಲ್ಲೇ.